ಇಮೇಲ್ ಸಹಿ ಪರೀಕ್ಷೆ: ಲೈಬ್ರರಿ ‘ಟ್ರೂ’ ಎಂದ ಮೇಲೂ ಉಳಿಯುವ ಕೆಲಸ

ಡಿಜಿಟಲ್ ಸಹಿ ಇರುವ ಇಮೇಲ್ ಬಂತು, ವೆರಿಫೈ ಫಂಕ್ಷನ್‌ಗೆ ಕೊಟ್ಟಿರಿ, ಅದು ಟ್ರೂ ಎಂದಿತು. ಕೆಲಸ ಮುಗಿಯಿತು ಎಂದುಕೊಳ್ಳುವ ಈ ಜಾಗದಲ್ಲೇ ಬಹಳಷ್ಟು ಕೋಡ್ ಎಡವುತ್ತದೆ. ಆ ಟ್ರೂ ಹೇಳುವುದು ಇಷ್ಟೇ: ಈ ಬೈಟ್‌ಗಳಿಗೂ ಈ ಕೀಯ ಸಹಿಗೂ ತಾಳೆಯಾಗಿದೆ. ಕೀ ಯಾರದು? ಆ ಹೆಸರಿಗೂ ಫ್ರಮ್ ಸಾಲಿನ ವಿಳಾಸಕ್ಕೂ ಸಂಬಂಧ ಇದೆಯೇ? ಬಳಕೆದಾರರ ಪರದೆಯ ಮೇಲೆ ಕಾಣುವ ಪಠ್ಯ ಸಹಿಯಾದ ಬೈಟ್‌ಗಳಿಂದಲೇ ಬಂದದ್ದೇ? ಈ ಮೂರನ್ನು ಲೈಬ್ರರಿ ತಾನಾಗಿ ಕೇಳುವುದು ಅಪರೂಪ. ನಿಮ್ಮ ಕೋಡೇ ಕೇಳಬೇಕು.

ಮೊದಲು, ಯಾವ ಬಗೆಯ ಸಹಿ

ಕಾಣಸಿಗುವ ಬಗೆಗಳು ಮೂರು. ಎಸ್/ಮೈಮ್‌ನಲ್ಲಿ ವ್ಯಕ್ತಿಯ ಅಥವಾ ಸಂಸ್ಥೆಯ ಎಕ್ಸ್.509 ಸರ್ಟಿಫಿಕೇಟ್, ಅಂದರೆ ಕೀ ಯಾರದೆಂದು ಹೇಳುವ ದಾಖಲೆ, ಇರುತ್ತದೆ. ಎಸ್/ಮೈಮ್‌ನ 4.0 ಆವೃತ್ತಿ 2019ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 8551ರಲ್ಲಿದೆ. ಓಪನ್‌ಪಿಜಿಪಿಯಲ್ಲಿ ಕಳಿಸಿದವರ ಸ್ವಂತ ಕೀ. ಅದನ್ನು ಇಮೇಲ್‌ಗೆ ಅಂಟಿಸುವ ಬಗೆಯನ್ನು 2001ರ ಆರ್‌ಎಫ್‌ಸಿ 3156 ಹೇಳುತ್ತದೆ. ಮೂರನೆಯದು ಡಿಕಿಮ್, 2011ರ ಆರ್‌ಎಫ್‌ಸಿ 6376. ಇದು ಡೊಮೇನ್‌ನ ಮೇಲ್ ಸರ್ವರ್ ಹಾಕುವ ಸಹಿ, ಬರೆದ ವ್ಯಕ್ತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದೇ ಪತ್ರದಲ್ಲಿ ಡಿಕಿಮ್ ಮತ್ತು ಎಸ್/ಮೈಮ್ ಎರಡೂ ಇರಬಹುದು. ಎರಡರ ಫಲಿತಾಂಶವನ್ನು ಕೂಡಿಸಿ ಒಂದೇ ಹಸಿರು ಗುರುತು ಮಾಡಬೇಡಿ, ಬೇರೆ ಬೇರೆ ಫೀಲ್ಡ್‌ನಲ್ಲಿಡಿ.

ಗುರುತಿಸಲು ಕಡತದ ಹೆಸರು ನೋಡಬೇಡಿ, ಕಂಟೆಂಟ್-ಟೈಪ್ ನೋಡಿ. ಅದು ಮಲ್ಟಿಪಾರ್ಟ್/ಸೈನ್ಡ್ ಆಗಿದ್ದರೆ ಪಕ್ಕದ ಪ್ರೋಟೋಕಾಲ್ ಪ್ಯಾರಾಮೀಟರ್ ಪಿಕೆಸಿಎಸ್7-ಸಿಗ್ನೇಚರ್ ಎನ್ನುತ್ತದೆಯೋ ಪಿಜಿಪಿ-ಸಿಗ್ನೇಚರ್ ಎನ್ನುತ್ತದೆಯೋ ಓದಿ. ಹಳೆಯ ಕ್ಲೈಂಟ್‌ಗಳು ಪಿಕೆಸಿಎಸ್7 ಹೆಸರಿನ ಮುಂದೆ ಎಕ್ಸ್ ಮತ್ತು ಅಡ್ಡಗೆರೆ ಸೇರಿಸಿ ಕಳಿಸುತ್ತವೆ, ಅದನ್ನೂ ಒಪ್ಪಿಕೊಳ್ಳಿ. ಎಸ್/ಮೈಮ್‌ಗೆ ಇನ್ನೊಂದು ರೂಪವೂ ಉಂಟು: ಪಠ್ಯವೂ ಸಹಿಯೂ ಒಂದೇ ಪೊಟ್ಟಣದಲ್ಲಿರುವ ಅಪ್ಲಿಕೇಶನ್/ಪಿಕೆಸಿಎಸ್7-ಮೈಮ್, ಎಸ್‌ಮೈಮ್-ಟೈಪ್ ಸೈನ್ಡ್-ಡೇಟಾ. ಇದನ್ನು ಮರೆತ ಕೋಡ್ ಅಂಥ ಪತ್ರವನ್ನು ‘ಸಹಿ ಇಲ್ಲ, ಒಂದು ಅಟ್ಯಾಚ್‌ಮೆಂಟ್ ಇದೆ’ ಎಂದು ತೋರಿಸಿ ಸುಮ್ಮನಾಗುತ್ತದೆ.

ಬೈಟ್ ಕೆಡದಂತೆ ತರುವುದು

‘ಸಹಿ ತಪ್ಪು’ ಎಂಬ ದೂರು ಬಂದಾಗ ಕ್ರಿಪ್ಟೋಗ್ರಫಿಯನ್ನು ಅನುಮಾನಿಸುವ ಮೊದಲು ನಿಮ್ಮದೇ ಕೋಡ್ ದಾರಿಯಲ್ಲಿ ಬೈಟ್ ಬದಲಿಸಿದೆಯೇ ನೋಡಿ. ಹೆಚ್ಚಿನ ಸಲ ತಪ್ಪು ಅಲ್ಲೇ ಸಿಗುತ್ತದೆ.

ಪತ್ರವನ್ನು ಕಚ್ಚಾ ರೂಪದಲ್ಲೇ ತರಿಸಿಕೊಳ್ಳಿ. ಐಮ್ಯಾಪ್‌ನಲ್ಲಿ ಬಾಡಿ-ಪೀಕ್ ಫೆಚ್‌ಗೆ ಖಾಲಿ ಚೌಕ ಆವರಣ ಕೊಟ್ಟರೆ ಇಡೀ ಪತ್ರ ಸಿಗುತ್ತದೆ, ಓದಿದ ಗುರುತೂ ಬೀಳುವುದಿಲ್ಲ. ಜಿಮೇಲ್ ಎಪಿಐನಲ್ಲಿ ಫಾರ್ಮ್ಯಾಟ್ ಅನ್ನು ರಾ ಎಂದು ಕೇಳಿ. ಬರುವುದು ಬೇಸ್64ರ ಯುಆರ್‌ಎಲ್ ರೂಪ, ಮಾಮೂಲಿ ಡಿಕೋಡರ್‌ಗೆ ಹಾಕಿದರೆ ಹೈಫನ್, ಅಂಡರ್‌ಸ್ಕೋರ್ ಬಂದಲ್ಲಿ ಎಡವುತ್ತದೆ. ಡಿಸ್ಕ್‌ನಿಂದ ಓದುವಾಗ ಬೈನರಿ ಮೋಡ್ ಕಡ್ಡಾಯ. ಪೈಥಾನ್‌ನಲ್ಲಿ ಟೆಕ್ಸ್ಟ್ ಮೋಡ್‌ನಲ್ಲಿ ತೆರೆದರೆ ಎರಡು ಬೈಟ್‌ಗಳ ಸಿಆರ್‌ಎಲ್‌ಎಫ್ ಸಾಲು ಅಂತ್ಯಗಳೆಲ್ಲ ಒಂದೇ ಬೈಟಿನ ಎಲ್‌ಎಫ್ ಆಗುತ್ತವೆ, ಹ್ಯಾಶ್ (ಬೈಟ್‌ಗಳಿಂದ ಲೆಕ್ಕ ಹಾಕುವ ಬೆರಳಚ್ಚಿನಂಥ ಸಂಖ್ಯೆ) ಅಲ್ಲಿಗೇ ಹೋಯಿತು.

ಪಾರ್ಸ್ ಮಾಡಿ ಮತ್ತೆ ಬೈಟ್ ಆಗಿ ಬರೆಸುವುದು ಇನ್ನೊಂದು ಬಲೆ. ಪೈಥಾನ್‌ನ ಇಮೇಲ್ ಪ್ಯಾಕೇಜ್‌ನಲ್ಲಿ ಪಾಲಿಸಿ-ಡಿಫಾಲ್ಟ್ ಬಳಸಿದರೆ ಉದ್ದದ ಹೆಡರ್‌ಗಳನ್ನು ಅದು ತನ್ನಿಷ್ಟದಂತೆ ಮಡಚುತ್ತದೆ, ಏಕೆಂದರೆ ಅದರ ರೀಫೋಲ್ಡ್-ಸೋರ್ಸ್ ಆಯ್ಕೆ ‘ಲಾಂಗ್’ ಎಂದಿರುತ್ತದೆ. ಸಾಲಿನ ಅಂತ್ಯಕ್ಕೂ ಎಲ್‌ಎಫ್ ಮಾತ್ರ ಹಾಕುತ್ತದೆ. ಸಹಿಯಾದ ಭಾಗದೊಳಗೆ ಉದ್ದದ ಕಡತದ ಹೆಸರಿರುವ ಅಟ್ಯಾಚ್‌ಮೆಂಟ್ ಒಂದಿದ್ದರೆ ಸಾಕು, ಪತ್ರ ನೆಟ್ಟಗಿದ್ದರೂ ಪರೀಕ್ಷೆ ಸೋಲುತ್ತದೆ. ಚಿಕ್ಕ ಹೆಡರ್‌ಗಳಿರುವ ಪತ್ರಗಳೆಲ್ಲ ಪಾಸಾಗುತ್ತಿರುವುದರಿಂದ ತಪ್ಪು ವಾರಗಟ್ಟಲೆ ಕಣ್ಣಿಗೆ ಬೀಳದು. ಪಾರ್ಸರ್ ಅನ್ನು ರಚನೆ ತಿಳಿಯಲು, ಭಾಗಗಳನ್ನು ಬೇರ್ಪಡಿಸುವ ಸಾಲು, ಅಂದರೆ ಬೌಂಡರಿ, ಯಾವುದೆಂದು ಕೇಳಲು ಬಳಸಿ. ಹ್ಯಾಶ್ ಮಾಡುವ ಬೈಟ್‌ಗಳನ್ನು ಮಾತ್ರ ಮೂಲ ಬಫರ್‌ನಿಂದಲೇ ಕತ್ತರಿಸಿ.

ಎಲ್ಲಿ ಕತ್ತರಿಸಬೇಕು ಎಂಬುದರಲ್ಲಿ ಎರಡು ಬೈಟ್‌ಗಳ ಲೆಕ್ಕ ಇದೆ. ಸಹಿಯಾದ ಭಾಗ ಮೊದಲ ಬೌಂಡರಿ ಸಾಲಿನ ಸಿಆರ್‌ಎಲ್‌ಎಫ್ ಮುಗಿದ ಮರುಬೈಟಿನಿಂದ ಶುರು. ಆ ಭಾಗದ ಸ್ವಂತ ಹೆಡರ್‌ಗಳೂ ಸಹಿಯೊಳಗೇ ಸೇರುತ್ತವೆ. ಮುಗಿಯುವುದು ಎರಡನೆಯ ಬೌಂಡರಿಯ ಹಿಂದಿನ ಸಿಆರ್‌ಎಲ್‌ಎಫ್‌ಗಿಂತ ಮುಂಚೆ. ಆ ಸಿಆರ್‌ಎಲ್‌ಎಫ್ ಬೌಂಡರಿಯ ಸೊತ್ತು, ಪಠ್ಯದ್ದಲ್ಲ. ಪಠ್ಯ 12345 ಎಂಬ ಒಂದೇ ಸಾಲು, ಮರುಸಾಲಿನಲ್ಲೇ ಬೌಂಡರಿ ಎಂದಿಟ್ಟುಕೊಳ್ಳಿ: ಬಾಡಿಯಲ್ಲಿ ಹ್ಯಾಶ್‌ಗೆ ಹೋಗುವುದು 5 ಬೈಟ್, ಹೆಕ್ಸ್‌ನಲ್ಲಿ 31ರಿಂದ 35. ನಡುವೆ ಒಂದು ಖಾಲಿ ಸಾಲಿದ್ದರೆ 7 ಬೈಟ್, ಏಕೆಂದರೆ ಮೊದಲ ಸಿಆರ್‌ಎಲ್‌ಎಫ್ ಪಠ್ಯಕ್ಕೆ ಸೇರಿತು, ಎರಡನೆಯದು ಬೌಂಡರಿಗೆ. ‘ಕೊನೆಯ ಖಾಲಿ ಜಾಗ ತೆಗೆದುಬಿಡೋಣ’ ಎಂದು ಟ್ರಿಮ್ ಕರೆಯುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಬೌಂಡರಿಯನ್ನು ಸಾಲಿನ ಆರಂಭದಲ್ಲಿ ಹುಡುಕಿ, ಇಡೀ ಸಾಲನ್ನು ಹೋಲಿಸಿ. ಸಾಲಿನ ಕೊನೆಗೆ ಸ್ಪೇಸ್ ಇದ್ದರೆ ಕ್ಷಮಿಸಿ. ಬರೀ ಪೂರ್ವಪದ ಹೋಲಿಸಿದರೆ ಒಳಗಿನ ಮಲ್ಟಿಪಾರ್ಟ್‌ನ ಬೌಂಡರಿ ಹೊರಗಿನದರ ಅಕ್ಷರಗಳಿಂದಲೇ ಶುರುವಾದಾಗ ತಪ್ಪು ಜಾಗದಲ್ಲಿ ಕತ್ತರಿ ಬೀಳುತ್ತದೆ. ಮೊದಲ ಬೌಂಡರಿಗೆ ಮುಂಚೆ ‘ಇದು ಸಹಿಯಾದ ಸಂದೇಶ’ ಎಂಬಂಥ ಪೀಠಿಕೆ ಇರಬಹುದು, ಅದು ಲೆಕ್ಕಕ್ಕಿಲ್ಲ.

ನಿಮ್ಮ ಕೈಗೆ ಬರುವ ಮೊದಲೇ ಕೆಟ್ಟ ಪತ್ರಗಳೂ ಇರುತ್ತವೆ. ಗೇಟ್‌ವೇ ಅಂಟಿಸಿದ ಅಡಿಟಿಪ್ಪಣಿ, ಮೇಲಿಂಗ್ ಲಿಸ್ಟ್‌ನ ಬಾಲ, 8 ಬಿಟ್ ಪಠ್ಯವನ್ನು ನಡುದಾರಿಯಲ್ಲಿ ಕ್ವೋಟೆಡ್-ಪ್ರಿಂಟಬಲ್ ಮಾಡಿದ ಸರ್ವರ್ ಇವೆಲ್ಲ ಸಾಮಾನ್ಯ. ಎಂಬಾಕ್ಸ್ ಕಡತದಲ್ಲಿ ಉಳಿಸಿದ ಪತ್ರಗಳಲ್ಲಿ ‘ಫ್ರಮ್’ ಎಂದು ಶುರುವಾಗುವ ಸಾಲಿನ ಮುಂದೆ ಒಂದು ಬಾಣದ ಗುರುತು ಬಂದಿರುತ್ತದೆ, ಅದೊಂದೇ ಅಕ್ಷರ ಸಹಿಯನ್ನು ಮುರಿಯುತ್ತದೆ. ಇಂಥ ಪತ್ರವನ್ನು ರಿಪೇರಿ ಮಾಡಿ ಪಾಸು ಮಾಡಿಸುವ ಜಾಣತನ ಬೇಡ. ಸಹಿ ಮುರಿದಿದೆ ಎಂದೇ ದಾಖಲಿಸಿ.

ಎಸ್/ಮೈಮ್ ಪರೀಕ್ಷೆ

ಕಮಾಂಡ್ ಸಾಲಿನಿಂದಲೇ ಶುರು ಮಾಡುವುದು ಒಳ್ಳೆಯದು. ಕೋಡ್ ಬರೆಯುವ ಮೊದಲು ಪತ್ರ ಸರಿಯೋ ತಪ್ಪೋ ಗೊತ್ತಿದ್ದರೆ ಅರ್ಧ ತಲೆನೋವು ಕಳೆಯುತ್ತದೆ. ಓಪನ್‌ಎಸ್‌ಎಸ್‌ಎಲ್‌ನ ಸಿಎಂಎಸ್ (ಎಸ್/ಮೈಮ್ ಸಹಿಯನ್ನು ಕಟ್ಟಿಡುವ ಪೊಟ್ಟಣದ ರೂಪ) ಉಪಕಮಾಂಡ್‌ಗೆ ವೆರಿಫೈ ಆಯ್ಕೆ, ಇನ್ ಆಯ್ಕೆಯಲ್ಲಿ ಕಚ್ಚಾ ಪತ್ರ, ಸಿಎಫೈಲ್‌ನಲ್ಲಿ ನೀವು ನಂಬುವ ರೂಟ್ (ಮೂಲ) ಸರ್ಟಿಫಿಕೇಟ್‌ಗಳು, ಸೈನರ್ ಆಯ್ಕೆಯಲ್ಲಿ ಸಹಿದಾರರ ಸರ್ಟಿಫಿಕೇಟ್ ಬರೆಯಬೇಕಾದ ಕಡತ, ಔಟ್‌ನಲ್ಲಿ ಸಹಿಯಾದ ಪಠ್ಯ ಬರೆಯಬೇಕಾದ ಕಡತ ಕೊಡಿ. ಇಡೀ ಪತ್ರ ಕೊಟ್ಟರೆ ಭಾಗಗಳನ್ನು ಅದೇ ಬಿಡಿಸಿಕೊಳ್ಳುತ್ತದೆ. ನೀವೇ ಕತ್ತರಿಸಿ ಕಂಟೆಂಟ್ ಆಯ್ಕೆಯಲ್ಲಿ ಕೊಡುವುದಾದರೆ ಸಿಆರ್‌ಎಲ್‌ಎಫ್ ಕಾಯುವ ಹೊಣೆ ನಿಮ್ಮದು, ಸಹಿಯ ಭಾಗವನ್ನು ಬೇಸ್64 ಬಿಡಿಸಿ ಡಿಇಆರ್ ಎಂಬ ಬೈನರಿ ರೂಪದಲ್ಲಿ ಕೊಡಬೇಕು.

ಪರದೆಯ ಮೇಲೆ ಬರುವ ಸಾಲನ್ನು ಹುಡುಕುವ ಬದಲು ಎಕ್ಸಿಟ್ ಕೋಡ್ ನೋಡಿ. 0 ಎಂದರೆ ಸರಿ. 2 ಎಂದರೆ ಕಡತ ಓದಲಾಗಲಿಲ್ಲ. 4 ಎಂದರೆ ಪರೀಕ್ಷೆ ಸೋತಿತು. 5 ಎಂದರೆ ಸಹಿ ಸರಿ, ಆದರೆ ಸಹಿದಾರರ ಸರ್ಟಿಫಿಕೇಟ್ ಬರೆಯಲಾಗಲಿಲ್ಲ. 2 ಮತ್ತು 4ನ್ನು ಒಂದೇ ಬುಟ್ಟಿಗೆ ಹಾಕಿದರೆ ಕಡತ ಓದಲಾಗದ ದಿನ ಎಲ್ಲ ಪತ್ರಗಳೂ ನಕಲಿಯಾಗಿ ಕಾಣುತ್ತವೆ.

ನೋವೆರಿಫೈ ಎಂಬ ಆಯ್ಕೆಯನ್ನು ಎಲ್ಲೋ ಕಂಡು ನಕಲು ಮಾಡಿರುತ್ತಾರೆ, ‘ಆಗ ಎರರ್ ಹೋಯಿತು’ ಎಂದು. ಹೋಗಲೇಬೇಕು: ಅದು ಸಹಿದಾರರ ಸರ್ಟಿಫಿಕೇಟ್‌ನ ಚೈನ್, ಅಂದರೆ ಅದರಿಂದ ನೀವು ನಂಬುವ ರೂಟ್‌ವರೆಗಿನ ಸರಪಳಿ, ನೋಡುವುದನ್ನೇ ಬಿಟ್ಟುಬಿಡುತ್ತದೆ. ಯಾರು ಬೇಕಾದರೂ ಎರಡು ನಿಮಿಷದಲ್ಲಿ ಬೇಕಾದ ಹೆಸರಿಗೆ ಸೆಲ್ಫ್-ಸೈನ್ಡ್ ಸರ್ಟಿಫಿಕೇಟ್ ಮಾಡಿಕೊಂಡು ಸಹಿ ಹಾಕಬಹುದು, ನಿಮ್ಮ ಕೋಡ್ ಸಲಾಂ ಹೊಡೆಯುತ್ತದೆ. ಇದೇ ಬಲೆ ಡಾಟ್‌ನೆಟ್‌ನಲ್ಲಿ ಬೇರೆ ವೇಷದಲ್ಲಿದೆ. ಸೈನ್ಡ್‌ಸಿಎಂಎಸ್ ಕ್ಲಾಸ್‌ನ ಚೆಕ್‌ಸಿಗ್ನೇಚರ್‌ಗೆ ಟ್ರೂ ಕೊಟ್ಟರೆ ಬರೀ ಸಹಿಯ ಗಣಿತ ನೋಡುತ್ತದೆ, ಫಾಲ್ಸ್ ಕೊಟ್ಟರೆ ಸರ್ಟಿಫಿಕೇಟನ್ನೂ ನೋಡುತ್ತದೆ. ಓದಿದರೆ ಉಲ್ಟಾ ಅನಿಸುವ ಪ್ಯಾರಾಮೀಟರ್, ಪಕ್ಕದಲ್ಲಿ ಕಾಮೆಂಟ್ ಬರೆದಿಡಿ. ಜಾವಾದ ಬೌನ್ಸಿ ಕ್ಯಾಸಲ್‌ನಲ್ಲೂ ಸೈನರ್‌ಇನ್ಫರ್ಮೇಶನ್‌ನ ವೆರಿಫೈ ನೀವು ಕೊಟ್ಟ ಸರ್ಟಿಫಿಕೇಟ್‌ಗೆ ಸಹಿ ಹೊಂದುತ್ತದೆಯೇ ಎಂದು ಹೇಳುತ್ತದೆ. ಚೈನ್ ಕಟ್ಟುವುದು ಪ್ರತ್ಯೇಕ ಕೆಲಸ.

ಒಳಗೆ ನಡೆಯುವುದು ಗೊತ್ತಿದ್ದರೆ ಎರರ್ ಓದುವುದು ಸುಲಭ. ಸಿಎಂಎಸ್‌ನಲ್ಲಿ ಸಾಮಾನ್ಯವಾಗಿ ಸಹಿ ಪಠ್ಯದ ಮೇಲೆ ನೇರವಾಗಿ ಇರುವುದಿಲ್ಲ. ಪಠ್ಯದ ಹ್ಯಾಶ್ ‘ಮೆಸೇಜ್ ಡೈಜೆಸ್ಟ್’ ಎಂಬ ಗುಣವಾಗಿ ಸೈನ್ಡ್ ಆಟ್ರಿಬ್ಯೂಟ್ಸ್ ಗುಂಪಿನಲ್ಲಿ ಕೂರುತ್ತದೆ, ಸಹಿ ಆ ಗುಂಪಿನ ಮೇಲೆ. ಹಾಗಾಗಿ ಡೈಜೆಸ್ಟ್ ಹೊಂದಲಿಲ್ಲ ಎಂಬ ಎರರ್ ಬಂದರೆ ಬೈಟ್ ಬದಲಾಗಿದೆ, ಹಿಂದಿನ ಭಾಗಕ್ಕೆ ಮರಳಿ. ಡೈಜೆಸ್ಟ್ ಹೊಂದಿ ಸಹಿ ಸೋತರೆ ಕೀ ತಪ್ಪು, ಇಲ್ಲವೇ ಗುಣಗಳ ಗುಂಪೇ ತಿದ್ದಿದ್ದು. ಲೈಬ್ರರಿ ಇಲ್ಲದೆ ಕೈಯಾರೆ ಬರೆಯುವವರು ಒಂದನ್ನು ತಪ್ಪದೆ ಮರೆಯುತ್ತಾರೆ: ಪತ್ರದಲ್ಲಿ ಆ ಗುಂಪಿನ ಮೊದಲ ಬೈಟ್ ಹೆಕ್ಸ್ ಎ0, ಆದರೆ ಸಹಿ ಲೆಕ್ಕ ಹಾಕುವಾಗ ಅದನ್ನು 31 ಎಂದು ಬದಲಿಸಿ ಡಿಇಆರ್ ರೂಪದಲ್ಲಿ ಹ್ಯಾಶ್ ಮಾಡಬೇಕು.

ಸಹಿದಾರರ ಪಟ್ಟಿ ಖಾಲಿ ಇರಬಹುದು ಎಂಬುದನ್ನೂ ಗಮನಿಸಿ. ಬರೀ ಸರ್ಟಿಫಿಕೇಟ್ ಸಾಗಿಸಲು ಬಳಸುವ ಸಿಎಂಎಸ್ ಪೊಟ್ಟಣದಲ್ಲಿ ಒಬ್ಬ ಸಹಿದಾರರೂ ಇರುವುದಿಲ್ಲ. ‘ಪಟ್ಟಿಯಲ್ಲಿರುವ ಎಲ್ಲರ ಸಹಿಯೂ ಸರಿಯೇ’ ಎಂದು ಲೂಪ್ ಬರೆದಿದ್ದರೆ ಖಾಲಿ ಪಟ್ಟಿಗೆ ಉತ್ತರ ಟ್ರೂ; ಪೈಥಾನ್‌ನ ಆಲ್ ಫಂಕ್ಷನ್ ಹಾಗೇ ಹೇಳುತ್ತದೆ. ಲೂಪ್‌ಗೆ ಮೊದಲು ಎಣಿಕೆ 1 ಅಥವಾ ಹೆಚ್ಚು ಇದೆಯೇ ನೋಡಿ. ಹೆಡರ್‌ನಲ್ಲಿರುವ ಮಿಕಾಲ್ಗ್ ಪ್ಯಾರಾಮೀಟರ್ ಬರೀ ಸುಳಿವು, ನಿಜವಾದ ಹ್ಯಾಶ್ ಅಲ್ಗಾರಿದಂ ಸಹಿಯ ಒಳಗಿದೆ. ಅಲ್ಲಿ ಎಂಡಿ5 ಅಥವಾ ಎಸ್‌ಎಚ್‌ಎ-1 ಕಂಡರೆ ತಿರಸ್ಕರಿಸಿ.

ಸರ್ಟಿಫಿಕೇಟ್ ಯಾರದು

ಚೈನ್ ಸರಿ ಎಂದಾದ ಮೇಲೂ ಮುಖ್ಯ ಪ್ರಶ್ನೆ ಬಾಕಿ. ನಂಬಿಕಸ್ಥ ಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಒಂದರಿಂದ ತನ್ನದೇ ವಿಳಾಸಕ್ಕೆ ಸರ್ಟಿಫಿಕೇಟ್ ಪಡೆದವನು ಫ್ರಮ್ ಸಾಲಿನಲ್ಲಿ ನಿಮ್ಮ ಮ್ಯಾನೇಜರ್ ವಿಳಾಸ ಬರೆದು ಸಹಿ ಹಾಕಿದರೆ ಗಣಿತವೂ ಸರಿ, ಚೈನೂ ಸರಿ. ಓಪನ್‌ಎಸ್‌ಎಸ್‌ಎಲ್‌ಗೆ ಫ್ರಮ್ ಸಾಲಿನ ಗೊಡವೆಯೇ ಇಲ್ಲ. ಆದ್ದರಿಂದ ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್‌ನಲ್ಲಿರುವ ಇಮೇಲ್ ವಿಳಾಸಗಳನ್ನೂ, ಹಳೆಯ ಸರ್ಟಿಫಿಕೇಟ್ ಆದರೆ ಸಬ್ಜೆಕ್ಟ್‌ನೊಳಗಿನ ಇಮೇಲ್‌ಅಡ್ರೆಸ್ ಗುಣವನ್ನೂ ತೆಗೆದು ಫ್ರಮ್‌ನ ವಿಳಾಸದೊಂದಿಗೆ ಹೋಲಿಸಿ. ಡೊಮೇನ್ ಭಾಗವನ್ನು ಚಿಕ್ಕಕ್ಷರ ಮಾಡಿ ಹೋಲಿಸಬಹುದು. ಹೋಲಿಸುವುದು ವಿಳಾಸವನ್ನು, ಪಕ್ಕದ ಪ್ರದರ್ಶನ ಹೆಸರನ್ನಲ್ಲ. ಪ್ರದರ್ಶನ ಹೆಸರಿನೊಳಗೇ ಇನ್ನೊಂದು ವಿಳಾಸ ಬರೆದು ರೆಗೆಕ್ಸ್‌ಗೆ ಮಂಕುಬೂದಿ ಎರಚುವುದು ಹಳೆಯ ಆಟ. ರೆಗೆಕ್ಸ್ ಬಿಟ್ಟು ವಿಳಾಸದ ಪಾರ್ಸರ್ ಬಳಸಿ. ಫ್ರಮ್ ಹೆಡರ್ ಒಂದಕ್ಕಿಂತ ಹೆಚ್ಚಿದ್ದರೆ ಪತ್ರವನ್ನು ಅಲ್ಲೇ ನಿಲ್ಲಿಸಿ.

ಸರ್ಟಿಫಿಕೇಟ್‌ನ ಬಳಕೆಯ ಉದ್ದೇಶವೂ ಹೊಂದಬೇಕು: ಎಕ್ಸ್‌ಟೆಂಡೆಡ್ ಕೀ ಯೂಸೇಜ್ ಇದ್ದರೆ ಅದರಲ್ಲಿ ಇಮೇಲ್ ಪ್ರೊಟೆಕ್ಷನ್, ಅಂದರೆ 1.3.6.1.5.5.7.3.4 ಇರಬೇಕು. ವೆಬ್‌ಸೈಟ್‌ನ ಟಿಎಲ್‌ಎಸ್ ಸರ್ಟಿಫಿಕೇಟ್‌ನಿಂದ ಹಾಕಿದ ಸಹಿ ಇಲ್ಲಿ ಬೀಳುತ್ತದೆ. ನಂಬುವ ರೂಟ್‌ಗಳ ಪಟ್ಟಿಯನ್ನೂ ಸಿಸ್ಟಂನ ಮೇಲೆ ಬಿಡದೆ ನೀವೇ ಕೊಡಿ. ಗೊತ್ತಿರುವ ಹತ್ತಾರು ಪಾಲುದಾರರಿಂದ ಮಾತ್ರ ಪತ್ರ ಬರುವ ವ್ಯವಸ್ಥೆಯಾದರೆ ಅವರ ಸಿಎಗಳನ್ನಷ್ಟೇ ಇಡುವುದು ನೂರಾರು ರೂಟ್‌ಗಳಿಗಿಂತ ಎಷ್ಟೋ ಮೇಲು.

ಸಮಯದ ವಿಷಯದಲ್ಲಿ ಗೊಂದಲ ಸಹಜ. ಸಹಿಯೊಳಗಿನ ಸೈನಿಂಗ್ ಟೈಮ್ ಸಹಿದಾರರೇ ಬರೆದದ್ದು, ಕದ್ದ ಕೀ ಇದ್ದವನು ಹಳೆಯ ತಾರೀಖು ಹಾಕಬಲ್ಲ. ನಂಬಬೇಕಾದದ್ದು ನಿಮ್ಮ ಸರ್ವರ್‌ಗೆ ಪತ್ರ ಬಂದ ಸಮಯ. ಬಂದ ತಕ್ಷಣ ಪರೀಕ್ಷಿಸಿ ಫಲಿತಾಂಶ ಉಳಿಸಿ. ಎರಡು ವರ್ಷದ ನಂತರ ಅದೇ ಪತ್ರ ತೆರೆದಾಗ ಸರ್ಟಿಫಿಕೇಟ್ ಅವಧಿ ಮುಗಿದಿದೆ ಎಂದು ಕೆಂಪು ಗುರುತು ಬರುವುದು ಇದರಿಂದ ತಪ್ಪುತ್ತದೆ. ಹಳೆಯ ಸಂಗ್ರಹವನ್ನೇ ಪರೀಕ್ಷಿಸಬೇಕಾದರೆ ಓಪನ್‌ಎಸ್‌ಎಸ್‌ಎಲ್‌ನ ಅಟ್‌ಟೈಮ್ ಆಯ್ಕೆಗೆ ಬಂದ ಸಮಯವನ್ನು ಯುನಿಕ್ಸ್ ಸೆಕೆಂಡ್‌ಗಳಲ್ಲಿ ಕೊಡಿ. ಸರ್ಟಿಫಿಕೇಟ್ ರದ್ದಾಗಿದೆಯೇ ಎಂದು ಬೇಕೆಂದೇ ಕೇಳಬೇಕು: ಸಿಆರ್‌ಎಲ್-ಚೆಕ್ ಆಯ್ಕೆ ಹಾಕಿದರೂ ಸಿಎಂಎಸ್ ಉಪಕಮಾಂಡ್ ರದ್ದಾದವುಗಳ ಪಟ್ಟಿಯನ್ನು (ಸಿಆರ್‌ಎಲ್) ತಾನೇ ಇಳಿಸಿಕೊಳ್ಳುವುದಿಲ್ಲ, ಸಿಆರ್‌ಎಲ್ ಸಿಗಲಿಲ್ಲ ಎಂದು ನಿಲ್ಲುತ್ತದೆ.

ಸಹಿಯಾದದ್ದನ್ನೇ ತೋರಿಸಿ

ಮಲ್ಟಿಪಾರ್ಟ್/ಸೈನ್ಡ್ ಪತ್ರದ ಮೇಲ್ತುದಿಯಲ್ಲೇ ಇರಬೇಕೆಂದೇನೂ ಇಲ್ಲ. ಹೊರಗೆ ಮಲ್ಟಿಪಾರ್ಟ್/ಮಿಕ್ಸ್ಡ್, ಅದರಲ್ಲಿ ಮೊದಲು ಸಹಿಯಿಲ್ಲದ ಎಚ್‌ಟಿಎಂಎಲ್ ಭಾಗ, ಆಮೇಲೆ ಎಲ್ಲಿಂದಲೋ ಎತ್ತಿದ ಹಳೆಯ ಅಸಲಿ ಸಹಿಯ ಭಾಗ. ಪತ್ರದಲ್ಲಿ ಎಲ್ಲಾದರೂ ಸರಿಯಾದ ಸಹಿ ಸಿಕ್ಕರೆ ಇಡೀ ಪತ್ರಕ್ಕೆ ಹಸಿರು ಹಚ್ಚುವ ಕ್ಲೈಂಟ್ ಮೊದಲ ಭಾಗವನ್ನೂ ಸಹಿಯಾದದ್ದೆಂದು ತೋರಿಸುತ್ತದೆ. ಸಿಎಸ್‌ಎಸ್ ಬಳಸಿ ಎರಡನೆಯದನ್ನು ಅಡಗಿಸಲೂಬಹುದು. ಇದಕ್ಕೆ ಮದ್ದು ಒಂದೇ. ವೆರಿಫೈ ಹೊರಹಾಕಿದ ಬೈಟ್‌ಗಳನ್ನು ಹೊಸ ಪತ್ರವೆಂಬಂತೆ ಪಾರ್ಸ್ ಮಾಡಿ ಅದರಿಂದಲೇ ತೋರಿಸಿ, ಮೂಲ ಪತ್ರದ ಮರಕ್ಕೆ ಮರಳಬೇಡಿ. ಸಹಿ ಮೇಲ್ತುದಿಯಲ್ಲಿಲ್ಲದಿದ್ದರೆ ‘ಭಾಗಶಃ ಸಹಿ’ ಎಂಬ ಬೇರೆಯೇ ಸ್ಥಿತಿ ಇಡಿ.

ಸಬ್ಜೆಕ್ಟ್, ಟು, ಡೇಟ್ ಹೆಡರ್‌ಗಳು ಮಾಮೂಲಿ ಎಸ್/ಮೈಮ್ ಹಾಗೂ ಪಿಜಿಪಿ ಸಹಿಯ ಹೊರಗಿವೆ. ‘ಹಣ ಬಿಡುಗಡೆಗೆ ಒಪ್ಪಿಗೆ’ ಎಂಬ ಸಬ್ಜೆಕ್ಟ್, ಒಳಗೆ ‘ಸರಿ, ಮುಂದುವರಿಯಿರಿ’ ಎಂದಷ್ಟೇ ಸಹಿಯಾದ ಪಠ್ಯ ಇದ್ದರೆ ಸಬ್ಜೆಕ್ಟ್ ಯಾರು ಬೇಕಾದರೂ ಬದಲಿಸಿರಬಹುದು. ಸಬ್ಜೆಕ್ಟ್ ನೋಡಿ ಕೆಲಸ ಮಾಡುವ ಆಟೊಮೇಶನ್ ಇದ್ದರೆ ಆ ಸೂಚನೆಯನ್ನು ಪಠ್ಯದೊಳಕ್ಕೆ ತನ್ನಿ.

ಡಿಕಿಮ್

ಇಲ್ಲಿ ಸರ್ಟಿಫಿಕೇಟ್ ಇಲ್ಲ; ಪಬ್ಲಿಕ್ ಕೀ ಡಿಎನ್‌ಎಸ್‌ನಲ್ಲಿರುತ್ತದೆ. ಸಹಿಯ ಹೆಡರ್‌ನ ಎಸ್= ಸೆಲೆಕ್ಟರ್, ಡಿ= ಡೊಮೇನ್; ನಡುವೆ ಅಂಡರ್‌ಸ್ಕೋರ್ ಡೊಮೇನ್‌ಕೀ ಸೇರಿಸಿ ಟಿಎಕ್ಸ್‌ಟಿ ದಾಖಲೆ ಕೇಳಬೇಕು. 2048 ಬಿಟ್ ಕೀ 255 ಬೈಟ್‌ನ ಒಂದು ತುಂಡಿನಲ್ಲಿ ಹಿಡಿಯುವುದಿಲ್ಲ, ಎರಡು ತುಂಡಾಗಿ ಬರುತ್ತದೆ, ನಡುವೆ ಸ್ಪೇಸ್ ಹಾಕದೆ ಜೋಡಿಸಿ. ಪಿ= ಖಾಲಿ ಇದ್ದರೆ ಕೀ ರದ್ದಾಗಿದೆ ಎಂದರ್ಥ. ಡಿಎನ್‌ಎಸ್ ಟೈಮ್‌ಔಟ್ ಆದರೆ ಅದು ಸೋಲಲ್ಲ, ತಾತ್ಕಾಲಿಕ ದೋಷ. ಸಾಲಿನಲ್ಲಿಟ್ಟು ಮತ್ತೆ ಪ್ರಯತ್ನಿಸಿ.

ಪೈಥಾನ್‌ನಲ್ಲಿ ಡಿಕಿಮ್‌ಪೈ ಸಾಕು. ಅದರ ವೆರಿಫೈ ಬೈಟ್‌ಗಳನ್ನು ತೆಗೆದುಕೊಂಡು ಟ್ರೂ ಅಥವಾ ಫಾಲ್ಸ್ ಕೊಡುತ್ತದೆ, ಆದರೆ ನೋಡುವುದು ಮೊದಲ ಸಹಿಯನ್ನು ಮಾತ್ರ. ಕಳಿಸುವ ಸೇವೆಯದೊಂದು, ಕಳಿಸಿದ ಸಂಸ್ಥೆಯದೊಂದು ಎಂದು ಎರಡು ಸಹಿ ಇರುವ ಪತ್ರಗಳು ಧಾರಾಳ. ಡಿಕಿಮ್ ಕ್ಲಾಸ್ ಬಳಸಿ ಐಡಿಎಕ್ಸ್ ಬದಲಿಸುತ್ತ ಪ್ರತಿಯೊಂದನ್ನೂ ನೋಡಿ, ಪಾಸಾದ ಸಹಿಯ ಡಿ= ಡೊಮೇನ್ ಫ್ರಮ್‌ನ ಡೊಮೇನ್‌ಗೆ ಹೊಂದುತ್ತದೆಯೇ ಹೋಲಿಸಿ. ಈ ಹೊಂದಾಣಿಕೆಯನ್ನು ಡಿಕಿಮ್ ಕೇಳುವುದಿಲ್ಲ, ಅದು ಡಿಮಾರ್ಕ್ ಎಂಬ ಬೇರೆ ನಿಯಮದ ಕೆಲಸ. ಹೊಂದದಿದ್ದರೆ ‘ಯಾವುದೋ ಡೊಮೇನ್ ಈ ಪತ್ರಕ್ಕೆ ಹೊಣೆ ಹೊತ್ತಿದೆ’ ಎನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ಎಲ್= ಟ್ಯಾಗ್ ಕಂಡರೆ ಎಚ್ಚರ. ಬಾಡಿಯ ಮೊದಲ ಇಷ್ಟು ಬೈಟ್ ಮಾತ್ರ ಸಹಿಯಾಗಿದೆ ಎಂದು ಅದು ಹೇಳುತ್ತದೆ. ಉಳಿದಲ್ಲಿ ಯಾರು ಬೇಕಾದರೂ ಬರೆದು ಸೇರಿಸಬಹುದು. ಎಲ್= ಇರುವ ಸಹಿಯನ್ನು ಸಹಿಯೇ ಇಲ್ಲ ಎಂಬಂತೆ ನೋಡುವುದು ಸುರಕ್ಷಿತ. ಹೆಡರ್‌ಗಳನ್ನು ಡಿಕಿಮ್ ಕೆಳಗಿನಿಂದ ಮೇಲಕ್ಕೆ ಎಣಿಸುತ್ತದೆ, ಹಾಗಾಗಿ ಮೇಲೆ ಇನ್ನೊಂದು ಫ್ರಮ್ ಸೇರಿಸಿದರೂ ಕೆಳಗಿನದರ ಸಹಿ ಪಾಸಾಗಬಹುದು, ತೆರೆಯ ಮೇಲೆ ಮೇಲಿನದು ಕಾಣಬಹುದು. ಎರಡು ಫ್ರಮ್‌ಗೆ ಅವಕಾಶ ಬೇಡ ಎಂದದ್ದು ಇದಕ್ಕೂ ಸೇರಿಯೇ. 2018ರ ಆರ್‌ಎಫ್‌ಸಿ 8301ರ ಪ್ರಕಾರ ಎಸ್‌ಎಚ್‌ಎ-1 ಸಹಿಗಳನ್ನೂ 1024 ಬಿಟ್‌ಗಿಂತ ಚಿಕ್ಕ ಆರ್‌ಎಸ್‌ಎ ಕೀಗಳನ್ನೂ ಒಪ್ಪುವಂತಿಲ್ಲ.

ಬಾಡಿ ಹ್ಯಾಶ್ ಹೊಂದದಿದ್ದಾಗ ನಿಮ್ಮ ಕೋಡ್ ಲೆಕ್ಕ ಹಾಕಿದ ಹ್ಯಾಶ್ ಮುದ್ರಿಸಿ ನೋಡಿ. ಹೆಕ್ಸ್‌ನಲ್ಲಿ ಇ3ಬಿ0ಸಿ442 ಎಂದೋ ಬೇಸ್64ರಲ್ಲಿ 47ಡಿಇಕ್ಯೂ ಎಂದೋ ಶುರುವಾದರೆ ಅದು ಖಾಲಿ ಇನ್‌ಪುಟ್‌ನ ಎಸ್‌ಎಚ್‌ಎ-256. ಬಾಡಿ ಹ್ಯಾಶ್‌ಗೆ ತಲುಪಿಯೇ ಇಲ್ಲ. ಹೆಡರ್ ಮತ್ತು ಬಾಡಿ ಬೇರ್ಪಡಿಸುವ ಖಾಲಿ ಸಾಲು ಹುಡುಕುವಲ್ಲಿ ತಪ್ಪಿದೆ, ಇಲ್ಲವೇ ಸ್ಟ್ರೀಮ್ ಅನ್ನು ಮುಂಚೆಯೇ ಓದಿ ಮುಗಿಸಿದ್ದೀರಿ. ಇನ್ನೊಂದು ಗಮನದಲ್ಲಿರಲಿ: ಡೊಮೇನ್‌ಗಳು ಕೀ ಬದಲಿಸಿ ಹಳೆಯದನ್ನು ಡಿಎನ್‌ಎಸ್‌ನಿಂದ ತೆಗೆಯುತ್ತವೆ, ಆರು ತಿಂಗಳ ಹಿಂದಿನ ಪತ್ರವನ್ನು ಇಂದು ಪರೀಕ್ಷಿಸಿದರೆ ಕೀ ಸಿಗದಿರಬಹುದು. ಪತ್ರ ಪಡೆದ ಸರ್ವರ್ ತನ್ನ ಪರೀಕ್ಷೆಯ ಫಲಿತಾಂಶ ಬರೆಯುವ ಅಥೆಂಟಿಕೇಶನ್-ರಿಸಲ್ಟ್ಸ್ ಹೆಡರ್ ಬಳಸುವುದಾದರೆ ಅದರ ಮೊದಲ ಪದ ನಿಮ್ಮದೇ ಸರ್ವರ್‌ನ ಹೆಸರಾಗಿರಬೇಕು, ಮತ್ತು ಹೊರಗಿನಿಂದ ಅದೇ ಹೆಸರು ಹೊತ್ತು ಬಂದದ್ದನ್ನು ನಿಮ್ಮ ಸರ್ವರ್ ಅಳಿಸುತ್ತಿರಬೇಕು.

ಪಿಜಿಪಿ

ಭಾಗ ಕತ್ತರಿಸುವ ನಿಯಮ ಎಸ್/ಮೈಮ್‌ನದೇ. ಜಿಪಿಜಿ (ಗ್ನುಪಿಜಿ ತಂತ್ರಾಂಶದ ಕಮಾಂಡ್) ಕರೆಯುವಾಗ ಮನುಷ್ಯರು ಓದುವ ಔಟ್‌ಪುಟ್ ಬಿಟ್ಟು ಸ್ಟೇಟಸ್-ಎಫ್‌ಡಿಗೆ ಪ್ರತ್ಯೇಕ ಡಿಸ್ಕ್ರಿಪ್ಟರ್ ಕೊಡಿ. ಸ್ಟೇಟಸ್ ಮತ್ತು ಲಾಗ್ ಎರಡೂ ಒಂದೇ ಕೊಳವೆಯಲ್ಲಿ ಹರಿದರೆ ಏನಾಗುತ್ತದೆ ಎಂಬುದನ್ನು 2018ರ ಸಿಗ್‌ಸ್ಪೂಫ್ ತೋರಿಸಿತು: ಕಡತದ ಹೆಸರಿನೊಳಗೆ ನಕಲಿ ಸ್ಟೇಟಸ್ ಸಾಲು ತುರುಕಿ ಸುಳ್ಳು ಸಹಿ ಪಾಸು ಮಾಡಿಸಬಹುದಿತ್ತು, ಗ್ನುಪಿಜಿ 2.2.8ರಲ್ಲಿ ಸರಿಯಾಯಿತು. ಗುಡ್‌ಸಿಗ್ ಸಾಲಿನ ಹೆಸರನ್ನು ನಂಬಬೇಡಿ, ಅದನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ವ್ಯಾಲಿಡ್‌ಸಿಗ್ ಸಾಲಿನ ಕೊನೆಯಲ್ಲಿರುವ ಪ್ರೈಮರಿ ಕೀಯ ಫಿಂಗರ್‌ಪ್ರಿಂಟ್ ಪೂರ್ತಿ ತೆಗೆದು ನಿಮ್ಮ ಪಟ್ಟಿಯೊಂದಿಗೆ ಹೋಲಿಸಿ. ಎಂಟು ಅಂಕಿಯ ಚಿಕ್ಕ ಐಡಿಯನ್ನು ಬೇಕೆಂದೇ ಹೊಂದುವಂತೆ ತಯಾರಿಸಬಹುದು. ಸಹಿ ಪರೀಕ್ಷೆಗೆಂದೇ ಇರುವ ಜಿಪಿಜಿವಿ ಸರಳ, ಆದರೆ ತನ್ನ ಕೀರಿಂಗ್‌ನಲ್ಲಿರುವುದೆಲ್ಲ (ಕೀಗಳ ಸಂಗ್ರಹದಲ್ಲಿರುವುದೆಲ್ಲ) ನಂಬಿಕಸ್ಥ ಎಂದುಕೊಳ್ಳುತ್ತದೆ, ಅವಧಿ ಮೀರಿದ ಅಥವಾ ರದ್ದಾದ ಕೀಯನ್ನು ನೋಡುವುದಿಲ್ಲ. ಕೀರಿಂಗ್ ಶುಚಿಯಾಗಿಡುವುದು ನಿಮ್ಮ ಪಾಲು.

ಕೋಡನ್ನು ಕೆಡಿಸಿ ನೋಡುವುದು

ಪಾಸಾಗುವ ಒಂದು ಪತ್ರ ಇಟ್ಟುಕೊಂಡು ಟೆಸ್ಟ್ ಬರೆದರೆ ಏನೂ ಗೊತ್ತಾಗುವುದಿಲ್ಲ. ಸೋಲಲೇಬೇಕಾದವುಗಳನ್ನು ಕೂಡಿಡಿ: ಪಠ್ಯದಲ್ಲಿ ಒಂದಕ್ಷರ ಬದಲಾದದ್ದು, ಸೆಲ್ಫ್-ಸೈನ್ಡ್ ಸರ್ಟಿಫಿಕೇಟ್‌ನದು, ಬೇರೆ ವಿಳಾಸದ ಅಸಲಿ ಸರ್ಟಿಫಿಕೇಟ್‌ನದು, ಟಿಎಲ್‌ಎಸ್ ಸರ್ಟಿಫಿಕೇಟ್‌ನದು, ಎರಡು ಫ್ರಮ್ ಇರುವುದು, ಸಹಿಯ ಭಾಗದ ಮೇಲೆ ಸಹಿಯಿಲ್ಲದ ಪಠ್ಯ ಅಂಟಿಸಿದ್ದು, ಸಹಿದಾರರೇ ಇಲ್ಲದ ಸಿಎಂಎಸ್. ಜೊತೆಗೆ ಪಾಸಾಗಲೇಬೇಕಾದ ಕಷ್ಟದವು: ಉದ್ದದ ಕನ್ನಡ ಕಡತದ ಹೆಸರಿರುವ ಅಟ್ಯಾಚ್‌ಮೆಂಟ್, ಖಾಲಿ ಸಾಲುಗಳಿಂದ ಮುಗಿಯುವ ಪಠ್ಯ, ಬೌಂಡರಿಯೊಳಗೆ ಬೌಂಡರಿ. ಇವನ್ನು ರೆಪಾಸಿಟರಿಗೆ ಸೇರಿಸುವಾಗ ಗಿಟ್ ಆಟ್ರಿಬ್ಯೂಟ್ಸ್ ಕಡತದಲ್ಲಿ ಬೈನರಿ ಎಂದು ಗುರುತಿಸಿ. ಇಲ್ಲದಿದ್ದರೆ ಗಿಟ್ ಸಾಲಿನ ಅಂತ್ಯಗಳನ್ನು ‘ಸರಿಪಡಿಸಿ’, ನಿಮ್ಮ ಯಂತ್ರದಲ್ಲಿ ಪಾಸಾದ ಟೆಸ್ಟ್ ಬಿಲ್ಡ್ ಸರ್ವರ್‌ನಲ್ಲಿ ಬೀಳುತ್ತದೆ.

ಫಲಿತಾಂಶಕ್ಕೆ ಬೂಲಿಯನ್ ಸಾಲದು. ಸಹಿ ಇಲ್ಲ, ಸರಿ, ಮುರಿದಿದೆ, ಸರಿ ಆದರೆ ಗುರುತು ಹೊಂದಿಲ್ಲ, ಭಾಗಶಃ, ಈಗ ಹೇಳಲಾಗದು ಎಂದು ಕನಿಷ್ಠ ಆರು ಸ್ಥಿತಿ ಬೇಕು. ಪ್ರತಿ ಪತ್ರದ ಜೊತೆ ಕಚ್ಚಾ ಬೈಟ್‌ಗಳು, ಸಹಿದಾರರ ಸರ್ಟಿಫಿಕೇಟ್ ಮತ್ತು ಚೈನ್, ಡಿಕಿಮ್ ಆದರೆ ಆಗ ಸಿಕ್ಕ ಡಿಎನ್‌ಎಸ್ ದಾಖಲೆ, ಪರೀಕ್ಷಿಸಿದ ಸಮಯ, ಬಳಸಿದ ಲೈಬ್ರರಿಯ ಆವೃತ್ತಿ ಇವಿಷ್ಟನ್ನು ಉಳಿಸಿ. ನಾಳೆ ಯಾರಾದರೂ ‘ಆ ಪತ್ರ ನಾನು ಕಳಿಸಿಲ್ಲ’ ಎಂದಾಗ ಮತ್ತೆ ಓಡಿಸಿ ತೋರಿಸಲು ಬೇಕಾಗುವುದು ಇವೇ.